ಸಂಜೆಯವರ ರಕ್ತ

ಭಾನುವಾರ, ಹದಿನಾಲ್ಕನೇ ತಾರೀಖು
ಬೆಳಿಗ್ಗೆ ಎಂಟೂವರೆ

ಪ್ರೀತಿಯ ಪುಟ್ಟನಿಗೆ,

ಅಕ್ಕನ ತುಂಬುಮನಸ್ಸಿನ ಹಾರೈಕೆಗಳು. ನಾನೂ ನಿನ್ನ ಭಾವನೂ ನೆಟ್ಟಗಿದ್ದೇವೆ. ನೆಟ್ಟಗಿಲ್ಲದ್ದು ನನ್ನ ಬಲಗಾಲಿನ ಮಂಡಿ ಒಂದೇ, ಅದೂ ಮೆಟ್ಟಿಲು ಕಂಡಾಗ ಮಾತ್ರ. ನೀನು, ನಿನ್ನ ಹೆಂಡತಿ, ಗುಬ್ಬಿ ಹೇಗಿದ್ದೀರಿ? ಗುಬ್ಬಿ ಈಗ ನಿನ್ನ ಭುಜದೆತ್ತರಕ್ಕೆ ಬಂದಿದ್ದಾಳೆ ಎಂದು ನಿನ್ನ ಹೆಂಡತಿ ಫೋನಿನಲ್ಲಿ ಹೇಳಿದಳು. ನನ್ನ ಕಣ್ಣಿನಲ್ಲಿ ಅವಳಿನ್ನೂ ಚಪ್ಪಲಿಯನ್ನು ಅದಲುಬದಲು ಹಾಕಿಕೊಂಡು ಓಡಾಡುವ ಕೂಸೇ.

ನಿನ್ನ ಕಾರ್ಡು ಬಂದು ನಾಲ್ಕು ತಿಂಗಳ ಮೇಲಾಯಿತು. ಉತ್ತರ ಬರೆಯದೆ ಕೂತದ್ದಕ್ಕೆ ಕ್ಷಮಿಸು. ಆಸ್ಪತ್ರೆಯಲ್ಲಿ ಕೆಲಸ ಹೆಚ್ಚಿತ್ತು, ಮಂಡಿ ನೋವಿತ್ತು, ಮನೆಗೆ ಬಣ್ಣ ಬಳಿಸುವಾಗ ನಿನ್ನ ವಿಳಾಸವಿದ್ದ ಪುಸ್ತಕ ಎಲ್ಲೋ ಸೇರಿಕೊಂಡಿತ್ತು. ನೆಪಕ್ಕೇನು ಬರ. ನೀನು ಫೋನ್ ಎತ್ತುವುದಿಲ್ಲ ಎಂದು ಗೊತ್ತು, ಅದಕ್ಕೆ ಬೇಸರವಿಲ್ಲ. ಆದರೆ ಕಾಗದ ಬಂದರೆ ಓದದೆ ಇರುವವನಲ್ಲ ನೀನು. ಇಪ್ಪತ್ತು ವರ್ಷ ಮುದ್ರಣಾಲಯದಲ್ಲಿ ಕೂತು ಕರಡು ತಿದ್ದಿದವನು, ಅಕ್ಕನ ಕಾಗುಣಿತದಲ್ಲಿ ತಪ್ಪು ಹುಡುಕುವುದಕ್ಕಾದರೂ ಕೊನೆಯವರೆಗೆ ಓದುತ್ತೀಯೆ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಸುದ್ದಿಯನ್ನು ಮೊದಲೇ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿಲ್ಲ. ನಿನ್ನ ಅಕ್ಕನ ಹೆಸರು ಅಚ್ಚಾಗಿದೆ ಪುಟ್ಟಾ! ಡಾಕ್ಟರುಗಳು ಓದುವ ಪತ್ರಿಕೆಯಲ್ಲಿ, ಒಂದು ಸಂಶೋಧನಾ ಲೇಖನದ ನೆತ್ತಿಯ ಮೇಲೆ, ಆರು ಜನರ ಸಾಲಿನಲ್ಲಿ ನಾಲ್ಕನೆಯವಳಾಗಿ. ನನ್ನ ಹಿಂದೆ ಇಬ್ಬರು ಡಾಕ್ಟರುಗಳಿದ್ದಾರೆ. ನಿನ್ನ ಭಾವ ಆ ಪುಟವನ್ನು ಮಡಚಿ ಕನ್ನಡಕದ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾರೆ. ಹಾಲಿನವನಿಗೆ ತೋರಿಸಿದರು, ಕ್ಷೌರದಂಗಡಿಯಲ್ಲಿ ತೋರಿಸಿದರು. ಅಂಗಡಿಯವನು, "ಏನು ಕಂಡುಹಿಡಿದ್ರು ಸಾರ್ ನಿಮ್ಮ ಮನೆಯವರು?" ಎಂದು ಕೇಳಿದನಂತೆ. ಇವರು, "ಉಳಿದವರು ಕಂಡುಹಿಡಿದದ್ದು ಸುಳ್ಳು ಅಂತ ಕಂಡುಹಿಡಿದಳು" ಎಂದರಂತೆ. ಅವನು ಅದನ್ನು ಅರ್ಥ ಮಾಡಿಕೊಳ್ಳುವ ಗಡಿಬಿಡಿಯಲ್ಲಿ ಇವರ ಮೀಸೆಯನ್ನು ಒಂದು ಕಡೆ ಹೆಚ್ಚಾಗಿ ಕತ್ತರಿಸಿಬಿಟ್ಟ. ನಗಬೇಡ, ಅದಕ್ಕಿಂತ ಚೊಕ್ಕವಾಗಿ ಹೇಳಲು ನನಗೂ ಬರುವುದಿಲ್ಲ. ಹಾಗಾಗಿ ಮೊದಲಿನಿಂದ ಹೇಳುತ್ತೇನೆ.

ಮೂರೂವರೆ ವರ್ಷದ ಹಿಂದೆ ನಮ್ಮ ಮನೋರೋಗ ವಿಭಾಗದ ದೊಡ್ಡ ಡಾಕ್ಟರು ತಾವಾಗಿ ನೆಲಮಹಡಿಯ ರಕ್ತದ ಕೋಣೆಗೆ ಬಂದರು. ನಾವೆಲ್ಲ ಅವರನ್ನು ಬರೀ ಮೇಡಂ ಅನ್ನುತ್ತೇವೆ. ನನ್ನನ್ನು ಇಡೀ ಆಸ್ಪತ್ರೆ ಅಕ್ಕ ಅನ್ನುತ್ತದೆ, ನನಗಿಂತ ದೊಡ್ಡವರೂ ಸಹ. ಮೇಡಂ ರೋಗಿಗಳ ಕುರ್ಚಿಯಲ್ಲೇ ಕೂತು, "ಅಕ್ಕಾ, ನಂಗೆ ನಿಮ್ಮ ಕೈ ಬೇಕು" ಎಂದರು.

"ಕೈ ಕೊಟ್ಟು ನಾನೇನು ಮಾಡ್ಲಿ ಮೇಡಂ?" ಎಂದೆ.

ಅವರು ನಕ್ಕು ವಿವರಿಸಿದರು. ಖಿನ್ನತೆಗೆ ಹೊಸದಾಗಿ ಮಾತ್ರೆ ಶುರುಮಾಡುವವರ ರಕ್ತವನ್ನು, ಮೊದಲ ಮಾತ್ರೆ ನುಂಗುವ ಮುಂಚೆಯೇ ತೆಗೆದಿಡಬೇಕು. ಆಮೇಲೆ ಎಂಟು ವಾರ ಎಲ್ಲರಿಗೂ ಒಂದೇ ಮಾತ್ರೆ. ಎಂಟು ವಾರವಾದ ಮೇಲೆ ಯಾರಿಗೆ ಗುಣವಾಯಿತು, ಯಾರಿಗೆ ಆಗಲಿಲ್ಲ ಎಂದು ನೋಡಿ, ಮೊದಲ ದಿನದ ರಕ್ತದಲ್ಲೇ ಇವರಿಗೂ ಅವರಿಗೂ ಏನಾದರೂ ವ್ಯತ್ಯಾಸವಿತ್ತೇ ಎಂದು ಹುಡುಕಬೇಕು. ಅಂಥದ್ದೊಂದು ಗುರುತು ಸಿಕ್ಕರೆ, ಮುಂದೆ ಬರುವ ರೋಗಿಗೆ ಒಂದು ಹನಿ ರಕ್ತ ನೋಡಿಯೇ "ಈ ಮಾತ್ರೆ ನಿಮಗೆ ಹಿಡಿಸುತ್ತೆ" ಅಥವಾ "ಇದು ಬೇಡ, ಬೇರೆಯದು ನೋಡೋಣ" ಎಂದು ಹೇಳಿಬಿಡಬಹುದು. ಈಗ ಹಾಗಿಲ್ಲ. ಒಂದು ಮಾತ್ರೆ ಕೊಟ್ಟು ಕಾಯುವುದು, ಹಿಡಿಸದಿದ್ದರೆ ಇನ್ನೊಂದು ಕೊಟ್ಟು ಮತ್ತೆ ಕಾಯುವುದು. ಮೇಡಂ ಹೇಳಿದರು: "ನಮಗೆ ಎಂಟು ವಾರ ಅಂದ್ರೆ ಎಂಟು ವಾರ. ಆ ಮನುಷ್ಯರಿಗೆ ಒಂದೊಂದು ದಿನಾನೂ ಬೆಟ್ಟ." ಇದನ್ನು ನಿನಗೆ ನಾನು ಬಿಡಿಸಿ ಹೇಳಬೇಕೇ.

ಒಪ್ಪಿಕೊಂಡೆ. ನಿನ್ನ ಮುಂದೆ ಜಂಬ ಕೊಚ್ಚಿಕೊಳ್ಳದೆ ಇನ್ಯಾರ ಮುಂದೆ? ಇನ್ನೂರ ಹನ್ನೆರಡು ಜನರ ತೋಳು ಹಿಡಿದಿದ್ದೇನೆ. ಇನ್ನೂರ ಹನ್ನೊಂದು ಜನಕ್ಕೆ ಒಂದೇ ಚುಚ್ಚು. ಉಳಿದ ಒಬ್ಬರಿಗೆ ಎರಡು, ಅದೂ ಅವರು ಸರಿಯಾಗಿ ಆ ಹೊತ್ತಿಗೇ ಸೀನಿದ್ದರಿಂದ. ಖಿನ್ನತೆಯಲ್ಲಿರುವವರ ರಕ್ತನಾಳ ಹುಡುಕುವುದು ಸುಲಭವಲ್ಲ. ಊಟ ಬಿಟ್ಟಿರುತ್ತಾರೆ, ನೀರು ಕುಡಿದಿರುವುದಿಲ್ಲ, ಕೈ ತಣ್ಣಗಿರುತ್ತದೆ. ಅವರ ಅಂಗೈಯನ್ನು ನನ್ನ ಎರಡೂ ಕೈಗಳ ನಡುವೆ ಇಟ್ಟುಕೊಂಡು ಎರಡು ನಿಮಿಷ ಏನಾದರೂ ಮಾತಾಡುತ್ತಿದ್ದೆ. ನಾಳ ತಾನಾಗಿ ಮೇಲೆ ಬರುತ್ತಿತ್ತು.

ಒಬ್ಬ ಬಸ್ ಚಾಲಕರು ಕೆಲಸ ಮುಗಿಸಿ ಖಾಕಿ ಅಂಗಿಯಲ್ಲೇ ಬಂದಿದ್ದರು. ಸೂಜಿಯನ್ನು ನೋಡದೆ ಗೋಡೆಯ ಕ್ಯಾಲೆಂಡರನ್ನೇ ನೋಡುತ್ತ, "ಇದರಿಂದ ನಂಗೆ ಯಾವ ಮಾತ್ರೆ ಅಂತ ಗೊತ್ತಾಗುತ್ತಾ ಅಕ್ಕ?" ಎಂದು ಕೇಳಿದರು.

"ನಿಮಗೆ ಗೊತ್ತಾಗಲ್ಲ. ನಿಮ್ಮ ನಂತರ ಬರೋರಿಗೆ ಗೊತ್ತಾಗಬಹುದು."

ಕ್ಯಾಲೆಂಡರಿನಿಂದ ಕಣ್ಣು ತೆಗೆದು ನನ್ನ ಕಡೆ ತಿರುಗಿ, "ಹಾಗಾದ್ರೆ ಇನ್ನೊಂದು ಟ್ಯೂಬು ತಗೊಳ್ಳಿ" ಎಂದರು. ಒಂದು ವಾರ ನನ್ನ ಎದೆ ಉಬ್ಬಿಕೊಂಡೇ ಇತ್ತು. ಇಂಥವರ ರಕ್ತ ನನ್ನ ಕೈಯಲ್ಲಿದೆಯಲ್ಲ ಎಂದು.

ಈಗ ಸ್ವಲ್ಪ ಗಮನವಿಟ್ಟು ಕೇಳು. ತೆಗೆದ ರಕ್ತವನ್ನು ಹಾಗೇ ಇಡುವಂತಿಲ್ಲ. ಅರ್ಧ ಗಂಟೆ ಹೆಪ್ಪುಗಟ್ಟಲು ಬಿಟ್ಟು, ಆಮೇಲೆ ಒಂದು ಯಂತ್ರದಲ್ಲಿ ಗಿರಗಿರನೆ ತಿರುಗಿಸಿ, ಮೇಲೆ ನಿಲ್ಲುವ ಹಳದಿ ನೀರನ್ನು ಬೇರೆ ಮಾಡಿ ಮಂಜುಪೆಟ್ಟಿಗೆಗೆ ಹಾಕಬೇಕು. ಪರೀಕ್ಷೆ ಮಾಡುವುದು ಆ ನೀರನ್ನು. ಯಂತ್ರಕ್ಕೆ ನಾವು ಇಟ್ಟಿರುವ ಹೆಸರು ಗಿರಗಿಟ್ಲೆ. ಅದನ್ನು ನಡೆಸುವ ಲ್ಯಾಬಿನವರು ಐದು ಗಂಟೆಗೆ ಬೀಗ ಹಾಕಿಕೊಂಡು ಹೋಗುತ್ತಾರೆ. ಐದರ ಮೇಲೆ ನಾನು ತೆಗೆದ ರಕ್ತ ಫ್ರಿಜ್ಜಿನಲ್ಲಿ ಕೂತು ಬೆಳಗಾಗುವುದನ್ನೇ ಕಾಯಬೇಕು. ಮೊದಲ ತಿಂಗಳೇ ನಾನು ಇದನ್ನು ಕೇಳಿದ್ದೆ. ಮೇಲಿನಿಂದ ಬಂದ ಸೂಚನೆಯಲ್ಲಿ "ಸಾಧ್ಯವಾದಷ್ಟು ಬೇಗ ತಿರುಗಿಸತಕ್ಕದ್ದು" ಎಂದಿತ್ತು. ನೀನು ಪದಗಳ ಮನುಷ್ಯ, ನೋಡು: ಆ "ಸಾಧ್ಯವಾದಷ್ಟು" ಎಂಬ ಪದದೊಳಗೆ ಹದಿನಾಲ್ಕು ಗಂಟೆ ಆರಾಮಾಗಿ ಕಾಲು ಚಾಚಿ ಮಲಗಿತ್ತು.

ಸರ್ಕಾರಿ ಕಾಗದದಲ್ಲಿ ತಾರೀಖು ಬರೆಯಲು ಜಾಗವಿತ್ತು, ಗಂಟೆ ಬರೆಯಲು ಇರಲಿಲ್ಲ. ಆದರೆ ನಾನು ಬರೆದುಕೊಳ್ಳುತ್ತಿದ್ದೆ. ಕೆಲಸಕ್ಕೆ ಸೇರಿದ ವರ್ಷ ಯಾರೋ ಕೆಡಿಸಿದ ರಕ್ತಕ್ಕೆ ನನ್ನ ತಲೆ ಮೇಲೆ ಗೂಬೆ ಕೂರಿಸಿದ್ದರು. ಅವತ್ತಿನಿಂದ ನನ್ನ ಅಂಗಿಯ ಜೇಬಿನಲ್ಲಿ ಒಂದು ಉದ್ದನೆಯ ಪುಸ್ತಕ ಇದ್ದೇ ಇರುತ್ತದೆ. ಎಷ್ಟನೇ ನಂಬರು, ಸೂಜಿ ತೆಗೆದದ್ದು ಎಷ್ಟು ಗಂಟೆಗೆ, ಗಿರಗಿಟ್ಲೆಗೆ ಹೋದದ್ದು ಎಷ್ಟು ಗಂಟೆಗೆ, ಎಲ್ಲ. ನಿನ್ನ ಭಾವ ರೇಗಿಸುತ್ತಾರೆ: "ನನ್ನ ಹುಟ್ಟಿದ ದಿನ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಬರೆದಿಟ್ಟಿದಾಳೆ."

ಕಳೆದ ವರ್ಷದ ಕೊನೆಗೆ ಫಲಿತಾಂಶ ಬಂತು. ಮೇಡಂ ಜೊತೆ ಒಬ್ಬ ಯುವತಿ ಇದ್ದಾಳೆ. ಅಂಕಿಅಂಶದ ಕೆಲಸವೆಲ್ಲ ಅವಳದು, ಅದರ ಮೇಲೇ ಪ್ರಬಂಧ ಬರೆದು ಡಾಕ್ಟರೇಟ್ ಪಡೆಯಬೇಕು. ಅವಳನ್ನು ಲೆಕ್ಕದಮ್ಮ ಅನ್ನುತ್ತೇವೆ. ಅವಳು ಮೆಟ್ಟಿಲನ್ನು ಎರಡೆರಡಾಗಿ ಹಾರಿಕೊಂಡು ಬಂದು ನನ್ನ ಕೈ ಹಿಡಿದೆಳೆದಳು. "ಸಿಕ್ತು ಅಕ್ಕಾ, ಸಿಕ್ತು! ರಕ್ತದಲ್ಲಿ ಒಂದು ಪದಾರ್ಥ ಇದೆ. ಅದು ಜಾಸ್ತಿ ಇರೋರಲ್ಲಿ ಮುಕ್ಕಾಲು ಪಾಲು ಜನಕ್ಕೆ ಈ ಮಾತ್ರೆ ಹಿಡಿಸಿದೆ. ಕಮ್ಮಿ ಇರೋರಲ್ಲಿ ಕಾಲು ಪಾಲಿಗೂ ಇಲ್ಲ. ಬನ್ನಿ, ನಿಮ್ಮ ಚುಕ್ಕಿಗಳನ್ನ ನೋಡಿ."

ಮೇಲೆ ಮೇಡಂ ಕೋಣೆಯಲ್ಲಿ ಟೀ, ಬಿಸ್ಕತ್ತು ಎಲ್ಲ ತರಿಸಿದ್ದರು. ಗೋಡೆಯ ಮೇಲೆ ದೊಡ್ಡದಾಗಿ ಚಿತ್ರ ಬಿಟ್ಟಿದ್ದರು. ಒಬ್ಬೊಬ್ಬ ರೋಗಿಗೂ ಒಂದೊಂದು ಚುಕ್ಕಿ, ಪಕ್ಕದಲ್ಲಿ ಇರುವೆಯಷ್ಟು ಸಣ್ಣ ನಂಬರು. ಮೇಲೊಂದು ಗುಂಪು, ಕೆಳಗೊಂದು ಗುಂಪು. ಮೇಡಂ ಕಣ್ಣಲ್ಲಿ ನೀರಿತ್ತು. "ನಾಲ್ಕು ತಿಂಗಳಲ್ಲಿ ಸಮ್ಮೇಳನ ಇದೆ ಅಕ್ಕ. ಅಲ್ಲಿ ಇದನ್ನ ಹೇಳ್ತೀನಿ" ಎಂದರು.

ನಾನು ಕನ್ನಡಕ ಹಾಕಿಕೊಂಡು ಹತ್ತಿರ ಹೋದೆ. ಮೇಲಿನ ಗುಂಪಿನ ನಂಬರುಗಳನ್ನು ಒಂದೊಂದಾಗಿ ಓದಿದೆ. ನಲವತ್ತೊಂದು, ಬಸ್ ಚಾಲಕರು. ಐವತ್ತೆಂಟು, ಶಾಲೆಯ ಮೇಷ್ಟ್ರು. ಅರವತ್ತಮೂರು, ಬಟ್ಟೆ ಅಂಗಡಿಯಲ್ಲಿ ನಿಲ್ಲುವಾಕೆ. ಎಪ್ಪತ್ತು, ಗಡಿಯಾರ ರಿಪೇರಿಯವರು. ಪುಟ್ಟಾ, ಹಿಡಿದ ಟೀ ಲೋಟ ಕೈಯಲ್ಲೇ ಉಳಿಯಿತು. ಇವರೆಲ್ಲ ಕೆಲಸ ಮುಗಿಸಿಕೊಂಡು ಐದರ ಮೇಲೆ ಬರುತ್ತಿದ್ದವರು. ಎಲ್ಲರೂ ನನ್ನ ಸಂಜೆಯವರು.

ಯಾರಿಗೂ ಏನೂ ಹೇಳದೆ ಬಿಸ್ಕತ್ತು ತಿಂದು ಕೆಳಗೆ ಬಂದೆ.

ಮಧ್ಯಾಹ್ನ ಮೂರು ಗಂಟೆ

ನಿನ್ನ ಭಾವನಿಗೆ ಊಟ ಬಡಿಸಿ, ಅವರು ಕುರ್ಚಿಯಲ್ಲೇ ತೂಕಡಿಸುವುದಕ್ಕೆ ಶುರುಮಾಡಿದ ಮೇಲೆ ಮತ್ತೆ ಕೂತಿದ್ದೇನೆ. ಎಲ್ಲಿಗೆ ಬಿಟ್ಟಿದ್ದೆ? ಹಾಂ, ಸಂಜೆಯವರು.

ನನಗೆ ಹೊಳೆದದ್ದು ಇಷ್ಟು. ಟೀಪುಡಿಯನ್ನು ನೀರಿನಲ್ಲೇ ಬಿಟ್ಟರೆ ಹೊತ್ತು ಹೋದ ಹಾಗೆಲ್ಲ ಬಣ್ಣ ಏರುತ್ತದಲ್ಲ, ರಕ್ತವೂ ಹಾಗೆಯೇ. ತಿರುಗಿಸದೆ ಇಟ್ಟರೆ ಅದರ ಕಣಗಳು ತಮ್ಮೊಳಗಿನದನ್ನು ಮೆಲ್ಲಗೆ ನೀರಿಗೆ ಬಿಡುತ್ತವೆ. ಸಂಜೆಯವರ ರಕ್ತದಲ್ಲಿ ಆ ಪದಾರ್ಥ ಹೆಚ್ಚಾಗಿದ್ದದ್ದು ಅವರ ಮೈಯಲ್ಲಿ ಹೆಚ್ಚಿದ್ದುದರಿಂದ ಅಲ್ಲದಿರಬಹುದು, ಬೆಳಗಿನವರೆಗೆ ನಮ್ಮ ಫ್ರಿಜ್ಜಿನಲ್ಲಿ ಕೂತದ್ದರಿಂದಲೇ ಇರಬಹುದು. ಇನ್ನು ಅವರಿಗೆ ಗುಣವಾದದ್ದೇಕೆ? ಸಂಜೆ ಬರುವವರೆಂದರೆ ಇನ್ನೂ ಕೆಲಸಕ್ಕೆ ಹೋಗುವಷ್ಟು ತ್ರಾಣ ಉಳಿದವರು. ಬೆಳಿಗ್ಗೆ ಬರುವವರು ಕೆಲಸ ಬಿಟ್ಟವರು, ವಾರ್ಡಿನಲ್ಲಿ ಮಲಗಿದವರು, ರೋಗ ಪೂರ್ತಿ ಕೆಡವಿಹಾಕಿದವರು. ಯಾರು ಬೇಗ ಎದ್ದುನಿಲ್ಲುತ್ತಾರೆ ಎಂದು ಹೇಳಲು ರಕ್ತ ಏಕೆ ಬೇಕು? ನಮ್ಮ ಪರೀಕ್ಷೆ ಓದುತ್ತಿದ್ದದ್ದು ರೋಗವನ್ನಲ್ಲ, ಗೋಡೆಯ ಗಡಿಯಾರವನ್ನು.

ಇದು ನನಗೆ ಗೊತ್ತು, ನನ್ನ ಜೇಬಿನ ಪುಸ್ತಕಕ್ಕೆ ಗೊತ್ತು. ಬೇರೆ ಯಾರಿಗೂ ಗೊತ್ತಿಲ್ಲ.

ಎರಡು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಇದನ್ನೂ ಮುಚ್ಚಿಡದೆ ಹೇಳುತ್ತಿದ್ದೇನೆ. ಮೇಡಂ ಅವರ ಮೂರು ವರ್ಷ ಮಣ್ಣುಪಾಲಾಗುತ್ತದೆ. ಲೆಕ್ಕದಮ್ಮನ ಡಾಕ್ಟರೇಟ್ ಹೋಗುತ್ತದೆ. ರಕ್ತವನ್ನು ಫ್ರಿಜ್ಜಿಗೆ ಇಟ್ಟ ಕೈ ನನ್ನದೇ, ಮೊದಲ ಬೆರಳು ನನ್ನ ಕಡೆಗೇ ತಿರುಗುತ್ತದೆ. ನಿವೃತ್ತಿಗೆ ಎಂಟು ತಿಂಗಳು ಉಳಿದಿತ್ತು. ಹಾರ ಹಾಕಿಸಿಕೊಂಡು ಮನೆಗೆ ಹೋಗುವ ಹೊತ್ತಿನಲ್ಲಿ ಕೆಟ್ಟ ಹೆಸರು ಹೊತ್ತುಕೊಂಡು ಹೋಗಬೇಕೇ? ನಿನ್ನ ಭಾವನಿಗೆ ಹೇಳಿದೆ. ಅವರು ಚೂರೂ ತಡಮಾಡದೆ, "ನೀನು ಹೇಳದೇ ಇದ್ರೆ, ನಾಳೆ ಆ ಬಸ್ ಡ್ರೈವರ್ ಎದುರಿಗೆ ಸಿಕ್ಕಾಗ ಏನು ಮಾತಾಡ್ತೀಯ?" ಎಂದರು. ಈ ಮನುಷ್ಯ ಮೂವತ್ತು ವರ್ಷದಲ್ಲಿ ಆಡಿದ ಮಾತಿನಲ್ಲಿ ಮುಕ್ಕಾಲು ಪಾಲು ತಮಾಷೆ. ಆದರೆ ಮಿಕ್ಕ ಕಾಲು ಪಾಲು ಇಂಥದು.

ಸೋಮವಾರ ಬೆಳಿಗ್ಗೆ ಮೇಡಂ ಕೋಣೆಗೆ ಹೋದೆ. ನಿಂತುಕೊಂಡೇ ಹೇಳಿದೆ. ನಾನು ಮುಗಿಸಿದ ಮೇಲೆ ಅವರು ಕಿಟಕಿಯಾಚೆ ಆಂಬ್ಯುಲೆನ್ಸ್ ಒಂದು ಹಿಂದಕ್ಕೆ ಬಂದು ನಿಲ್ಲುವವರೆಗೆ ಅದನ್ನೇ ನೋಡುತ್ತ ಕೂತರು. ಆಮೇಲೆ ತುಂಬ ಮೆತ್ತಗೆ, "ಇದು ಯಾರಿಗೆಲ್ಲ ಗೊತ್ತು?" ಎಂದರು.

"ನಂಗೆ. ಈಗ ನಿಮಗೆ."

"ಆ ಪುಸ್ತಕ ಇಲ್ಲಿ ಇಟ್ಟು ಹೋಗಿ ಅಕ್ಕ. ನಾನು ನೋಡ್ತೀನಿ."

ನನ್ನ ಕೈ ಜೇಬಿನ ಮೇಲೇ ಇತ್ತು. ಅವರು ಒಳ್ಳೆಯವರು, ಆದರೆ ಆ ಕ್ಷಣದಲ್ಲಿ ಅವರ ಮುಖ ನನಗೆ ಹಿಡಿಸಲಿಲ್ಲ. "ಇಟ್ಟು ಹೋಗಲ್ಲ ಮೇಡಂ" ಎಂದೆ. "ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತಲ್ಲ. ನನ್ನ ಅಕ್ಷರ ನನಗೆ ಬಿಟ್ಟು ಇನ್ಯಾರಿಗೂ ಅರ್ಥ ಆಗಲ್ಲ. ನಾನು ಓದ್ತೀನಿ, ನೀವು ಬರಕೊಳ್ಳಿ."

ನನ್ನ ಅಕ್ಷರ ಹೇಗಿದೆ ಎಂದು ನಿನಗೆ ಗೊತ್ತಲ್ಲ, ಮುತ್ತು ಪೋಣಿಸಿದ ಹಾಗೆ. ಹಸೀ ಸುಳ್ಳು ಹೇಳಿದೆ. ಅವರಿಗೂ ಗೊತ್ತಾಯಿತು. ನನ್ನನ್ನೇ ದುರುಗುಟ್ಟಿ ನೋಡಿದರು. ನೋಡಿ ನೋಡಿ, ಒಂದು ದೊಡ್ಡ ಉಸಿರು ಬಿಟ್ಟು, ನಕ್ಕರು. "ಕೂತ್ಕೊಳ್ಳಿ ಅಕ್ಕ. ನಿಮ್ಮ ಮಂಡಿ ನೋವು ಬೇರೆ" ಎಂದು ಲೆಕ್ಕದಮ್ಮನಿಗೆ ಫೋನ್ ಮಾಡಿದರು.

ಮೂರು ದಿನ ಓದಿದೆ. ನಾನು ಗಂಟೆ ಹೇಳುವುದು, ಲೆಕ್ಕದಮ್ಮ ಕಂಪ್ಯೂಟರಿಗೆ ಹಾಕುವುದು. ಮೊದಲ ದಿನ ಅವಳು ನನ್ನ ಮುಖ ನೋಡಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಸಿಡಿದಳು. "ಇದನ್ನ ಒಂದು ವರ್ಷ ಮುಂಚೆ ಹೇಳೋಕೆ ಏನಾಗಿತ್ತು ನಿಮಗೆ?"

"ಒಂದು ವರ್ಷ ಮುಂಚೆ ನನ್ನನ್ನ ಯಾರು ಕೇಳಿದ್ರು ತಾಯಿ?"

ಅವಳು ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟಳು. ಮೇಡಂ ಎದ್ದುಬಂದು ಅವಳ ಬೆನ್ನ ಮೇಲೆ ಕೈಯಿಟ್ಟು, "ಅಕ್ಕನನ್ನ ಬೈಬೇಡ. ಫಾರಂನಲ್ಲಿ ಗಂಟೆಗೆ ಜಾಗ ಇಡದೇ ಹೋದವಳು ನಾನು" ಎಂದರು. ಅವತ್ತು ನನಗೆ ಅವರ ಮೇಲಿದ್ದ ಗೌರವ ಪೂರ್ತಿ ವಾಪಸು ಬಂತು, ಬಡ್ಡಿ ಸಮೇತ.

ಮೂರನೆಯ ದಿನ ಲೆಕ್ಕದಮ್ಮ ಬೆಳಗಿನವರನ್ನು ಬೇರೆಯಾಗಿ, ಸಂಜೆಯವರನ್ನು ಬೇರೆಯಾಗಿ ನೋಡಿದಳು. ಬೆಳಗಿನವರ ರಕ್ತವೆಲ್ಲ ಅರ್ಧ ಮುಕ್ಕಾಲು ಗಂಟೆಯಲ್ಲಿ ಗಿರಗಿಟ್ಲೆಗೆ ಹೋಗಿತ್ತು. ಅವರಲ್ಲಿ ಗುಣವಾದವರಿಗೂ ಆಗದವರಿಗೂ ಆ ಪದಾರ್ಥದಲ್ಲಿ ಏನೇನೂ ವ್ಯತ್ಯಾಸವಿಲ್ಲ. ಸಂಜೆಯವರಲ್ಲೂ ಇಲ್ಲ. ಎರಡನ್ನೂ ಕಲಸಿದರೆ ಮಾತ್ರ ಆ ಚೆಂದದ ಚಿತ್ರ.

ಅಷ್ಟಕ್ಕೇ ಬಿಡುವವರಲ್ಲ ಮೇಡಂ. "ಕೈಯಾರೆ ನೋಡೋಣ" ಎಂದರು. ನಮ್ಮದೇ ಹದಿನಾರು ಜನರ ರಕ್ತವನ್ನು ಎರಡೆರಡು ಟ್ಯೂಬಿಗೆ ತೆಗೆದೆ. ಒಂದನ್ನು ಅರ್ಧ ಗಂಟೆಗೇ ತಿರುಗಿಸಿದರು, ಇನ್ನೊಂದನ್ನು ಮರುದಿನ ಬೆಳಿಗ್ಗೆ. ಮೇಡಂ ತಾವೇ ಮೊದಲು ತೋಳು ಚಾಚಿದರು, ಸೂಜಿ ಕಂಡದ್ದೇ ಪಕ್ಕಕ್ಕೆ ತಿರುಗಿ ಕಣ್ಣು ಮುಚ್ಚಿಕೊಂಡರು. ಲೆಕ್ಕದಮ್ಮ ನನ್ನ ತೋಳಿಗೆ ಪಟ್ಟಿ ಕಟ್ಟಿಕೊಟ್ಟಳು, ನನಗೆ ನಾನೇ ಚುಚ್ಚಿಕೊಳ್ಳಲು ಆಗದ ಕಾರಣ ನನ್ನ ರಕ್ತ ತೆಗೆದದ್ದು ನನ್ನ ಶಿಷ್ಯೆ. ಮೂರು ಬಾರಿ ಚುಚ್ಚಿದಳು. ಇರಲಿ. ಹದಿನಾರು ಜನರಲ್ಲಿ ಹದಿನಾರೂ ಜನಕ್ಕೆ, ಬೆಳಗಿನವರೆಗೆ ಕೂತ ಟ್ಯೂಬಿನಲ್ಲಿ ಆ ಪದಾರ್ಥ ಎರಡು ಪಟ್ಟಿಗಿಂತ ಹೆಚ್ಚಾಗಿತ್ತು. ನಾನು ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜವಾಗಿತ್ತು.

ಸಮ್ಮೇಳನಕ್ಕೆ ಮೇಡಂ ಹೋದರು. ನನ್ನನ್ನೂ ಕರೆದುಕೊಂಡು ಹೋದರು. ಅಷ್ಟು ದೊಡ್ಡ ಸಭಾಂಗಣವನ್ನು ನಾನು ನೋಡಿದ್ದೇ ಇಲ್ಲ, ಕುರ್ಚಿಗಳು ನಮ್ಮ ವಾರ್ಡಿನ ಹಾಸಿಗೆಗಿಂತ ಮೆತ್ತಗಿದ್ದವು. ಮೊದಲ ಸಾಲಿನಲ್ಲಿ ಕೂರಿಸಿದರು. ಮೇಡಂ ವೇದಿಕೆ ಹತ್ತಿ ಮೊದಲು ಆ ಚೆಂದದ ಚಿತ್ರವನ್ನೇ ತೋರಿಸಿದರು. ಸಭೆಯಲ್ಲಿ ಮೆಚ್ಚಿಕೊಂಡ ಗುಜುಗುಜು. ಆಮೇಲೆ, "ಇದು ಸುಳ್ಳು. ಹೇಗೆ ಸುಳ್ಳಾಯ್ತು ಅಂತ ಹೇಳೋಕೆ ಬಂದಿದೀನಿ" ಎಂದರು. ಎಲ್ಲವನ್ನೂ ಹೇಳಿದರು, ತಮ್ಮ ಫಾರಂನ ತಪ್ಪನ್ನೂ ಬಿಡದೆ. ಕೊನೆಗೆ, "ಇದನ್ನ ಹಿಡಿದವರು ಇಲ್ಲೇ ಕೂತಿದಾರೆ. ಅಕ್ಕಾ, ಸ್ವಲ್ಪ ಎದ್ದು ನಿಲ್ಲಿ" ಎಂದರು.

ನಿಂತೆ. ಮಂಡಿ ಕಟಕ್ಕೆಂದಿತು. ಮುನ್ನೂರು ಜನ ಚಪ್ಪಾಳೆ ತಟ್ಟಿದರು ಪುಟ್ಟಾ. ನಮ್ಮ ಅಮ್ಮ ಇರಬೇಕಿತ್ತು. ಓದಿಸಲು ಆಗಲಿಲ್ಲವೆಂದು ನನ್ನ ವಿಷಯದಲ್ಲಿ ಕೊನೆಯವರೆಗೂ ಕೊರಗಿದಳಲ್ಲ, ಅವಳು ನೋಡಬೇಕಿತ್ತು.

ಆಮೇಲೆ ಟೀ ಹೊತ್ತಿನಲ್ಲಿ ಕೋಲೂರಿಕೊಂಡು ಬಂದ ಒಬ್ಬ ಹಿರಿಯ ಪ್ರೊಫೆಸರು ನನ್ನ ಪುಸ್ತಕ ನೋಡಬೇಕು ಎಂದರು. ಒಂದೊಂದೇ ಹಾಳೆ ತಿರುವಿ ನೋಡಿ, "ನಮ್ಮಲ್ಲೂ ಇಂಥದೊಂದು ಪುಸ್ತಕ ಇದ್ದಿದ್ರೆ ನಾನು ಬರೆದಿದ್ರಲ್ಲಿ ಅರ್ಧ ಬರೀತಾನೇ ಇರಲಿಲ್ಲ" ಎಂದರು. ಅದು ಹೊಗಳಿಕೆಯೋ ಸಂಕಟವೋ ತಿಳಿಯದೆ, "ಬರೆದದ್ದು ಬರೆದಾಯ್ತಲ್ಲ ಸಾರ್, ಟೀ ಆರುತ್ತೆ" ಎಂದೆ.

ಈಗ ಅಧ್ಯಯನ ಮತ್ತೆ ಮೊದಲಿನಿಂದ ಶುರುವಾಗಿದೆ. ಲ್ಯಾಬು ಸಂಜೆ ಎಂಟರವರೆಗೆ ತೆರೆದಿರುತ್ತದೆ. ತೆಗೆದ ರಕ್ತ ಒಂದು ಗಂಟೆಯೊಳಗೆ ಗಿರಗಿಟ್ಲೆಗೆ ಹೋಗಲೇಬೇಕು. ಈ ನಿಯಮಕ್ಕೆ ಎಲ್ಲರೂ ಇಟ್ಟಿರುವ ಹೆಸರು "ಅಕ್ಕನ ಗಂಟೆ". ಮರೆತವರಿಗೆ ನೆನಪಿಸಲು ಲೆಕ್ಕದಮ್ಮ ನಿಜವಾಗಿಯೂ ಒಂದು ಹಿತ್ತಾಳೆಯ ಗಂಟೆ ತಂದು ಗೋಡೆಗೆ ಹಾಕಿದ್ದಾಳೆ. ಅವಳ ಡಾಕ್ಟರೇಟೂ ಹೋಗಲಿಲ್ಲ. ರಕ್ತ ಕಾದು ಕೂತರೆ ಯಾವ ಯಾವ ಪದಾರ್ಥ ಎಷ್ಟೆಷ್ಟು ಏರುತ್ತದೆ ಎಂಬುದರ ಮೇಲೇ ಈಗ ಬರೆಯುತ್ತಿದ್ದಾಳೆ. ನಿವೃತ್ತಿಯ ಮೇಲೆ ಇನ್ನೊಂದು ವರ್ಷ ಇರಿ, ಹೊಸಬರಿಗೆ ಕಲಿಸಿ ಎಂದು ನನ್ನನ್ನು ಕೇಳಿದ್ದಾರೆ. ಒಪ್ಪಿಕೊಂಡಿದ್ದೇನೆ. ಮೂರು ಬಾರಿ ಚುಚ್ಚಿದ ಶಿಷ್ಯೆಯಿಂದಲೇ ಶುರುಮಾಡಬೇಕು.

ಲೇಖನದ ಒಂದು ಪ್ರತಿಯನ್ನು ಜೊತೆಗಿಟ್ಟಿದ್ದೇನೆ. ನನ್ನ ಹೆಸರಿನ ಕಾಗುಣಿತ ಸರಿಯಿದೆಯೇ ನೋಡು. ನಿನ್ನ ಹೆಂಡತಿಗೆ ನನ್ನ ನೆನಕೆಗಳು. ಗುಬ್ಬಿಗೆ ಅತ್ತೆಯ ಮುದ್ದು. ಬೆಳಗಿನ ಬಿಸಿಲು ಸ್ವಲ್ಪ ಮೈಮೇಲೆ ಬೀಳಲಿ, ಬಾಗಿಲವರೆಗೆ ಬಂದರೂ ಸಾಕು. ಊಟ ಬಿಡಬೇಡ. ಏಳಲು ಆಗದ ದಿನ ಏಳಬೇಡ, ಮರುದಿನ ನೋಡಿದರಾಯಿತು. ನಿನಗೆ ನಿದ್ದೆ ಬರಲಿ, ನಾಲಿಗೆಗೆ ರುಚಿ ಬರಲಿ, ನೂರು ವರ್ಷ ನನ್ನ ಕಾಗದಗಳಲ್ಲಿ ತಪ್ಪು ಹುಡುಕುತ್ತಿರು.

ಇಂತು ನಿನ್ನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದ,
ಅಕ್ಕ

ತಾ.ಕ.: ಕಾಗದ ಮುಗಿಸಿ ನಿನ್ನ ಭಾವನಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, "ಚೆನ್ನಾಗಿದೆ. ಆದ್ರೆ ಅವನು ಕೇಳಿದ್ದಕ್ಕೆ ಉತ್ತರ ಎಲ್ಲಿದೆ?" ಎಂದರು. ಅದಕ್ಕೇ ಇನ್ನೊಂದು ಹಾಳೆ ತೆಗೆದುಕೊಂಡಿದ್ದೇನೆ.

ನಿನ್ನ ಕಾರ್ಡಿನಲ್ಲಿ ಇದ್ದದ್ದು ಒಂದೇ ಸಾಲು: "ಅಕ್ಕ, ಆ ರಕ್ತಪರೀಕ್ಷೆ ಬಂತಾ?" ಬಂದಿಲ್ಲ ಪುಟ್ಟಾ. ಎಂದು ಬರುತ್ತದೋ ಗೊತ್ತಿಲ್ಲ. ಅದನ್ನು ಕಾಯುತ್ತ ಕೂರಬೇಡ, ನಿನ್ನ ಡಾಕ್ಟರು ಹೇಳಿದ ದಾರಿಯಲ್ಲೇ ನಡೆ. ಬರುತ್ತದೆ ಬರುತ್ತದೆ ಎಂದು ಮೂರು ವರ್ಷ ನಿನಗೆ ಆಸೆ ಹುಟ್ಟಿಸಿದವಳು ನಾನು. ಅದನ್ನು ಸುಳ್ಳುಮಾಡಿದವಳೂ ನಾನೇ. ನಾಲ್ಕು ತಿಂಗಳು ಬರೆಯಲಾರದೆ ಕೂತದ್ದು ಇದಕ್ಕೆ, ಮಂಡಿಗಲ್ಲ.

ಇನ್ನೊಂದು ಇದೆ. ಆರು ವರ್ಷದ ಹಿಂದೆ ನಿನ್ನ ಹೆಂಡತಿ ತವರಿಗೆ ಹೋದಾಗ ನಾನು ಬಂದು ಹನ್ನೊಂದು ದಿನ ನಿಮ್ಮ ಮನೆಯಲ್ಲಿದ್ದೆ. ನಾಲ್ಕನೆಯ ಮಾತ್ರೆಯೂ ಹಿಡಿಸಲಿಲ್ಲ ಎಂದು ನೀನು ಹೇಳಿದೆ. ನಾನು ನಂಬಲಿಲ್ಲ. ನೀನು ಸ್ನಾನಕ್ಕೆ ಹೋದಾಗಲೆಲ್ಲ ನಿನ್ನ ಮೇಜಿನ ಖಾನೆ ತೆಗೆದು ಮಾತ್ರೆ ಎಣಿಸುತ್ತಿದ್ದೆ. ಲೆಕ್ಕ ಸರಿಯಾಗಿಯೇ ಇತ್ತು. ಆದರೂ ನಂಬಲಿಲ್ಲ, ಎಲ್ಲೋ ಎಸೆಯುತ್ತಿದ್ದೀಯೆ ಎಂದುಕೊಂಡೆ. ಕೊನೆಯ ದಿನ ಬೆಳಿಗ್ಗೆ, ಗುಬ್ಬಿ ಶಾಲೆಗೆ ಹೊರಟು ಬಾಗಿಲ ಹತ್ತಿರ ಶೂ ಕಟ್ಟಿಕೊಳ್ಳುತ್ತಿದ್ದಾಗ, "ನಿಂಗೆ ಗುಣ ಆಗೋದೇ ಬೇಕಾಗಿಲ್ಲ" ಎಂದೆ. ನೀನು ಜಗಳವಾಡಲಿಲ್ಲ. "ಇರಬಹುದು ಅಕ್ಕ" ಎಂದು ಎದ್ದುಹೋಗಿ ಎರಡು ಲೋಟ ತೊಳೆದಿಟ್ಟೆ.

ಆ ಪರೀಕ್ಷೆಗಾಗಿ ನನ್ನಷ್ಟು ಕಾದವರು ಯಾರೂ ಇಲ್ಲ. ನಿನಗೆ ಸರಿಯಾದ ಮಾತ್ರೆ ಸಿಗಲಿ ಎಂದಷ್ಟೇ ಅಲ್ಲ. ಒಂದು ಹಾಳೆಯ ಮೇಲೆ ಒಂದು ಅಂಕಿ ಬಂದು "ಇವನ ತಪ್ಪೇನೂ ಇಲ್ಲ" ಎಂದು ಹೇಳಿಬಿಟ್ಟರೆ, ಅದನ್ನು ನಿನ್ನ ಕೈಗೆ ಕೊಟ್ಟು ಸುಮ್ಮನಾಗಬಹುದಿತ್ತು. ನಾನು ಬಾಯಿಬಿಟ್ಟು ಹೇಳುವುದು ತಪ್ಪುತ್ತಿತ್ತು.

ಆ ಇನ್ನೂರ ಹನ್ನೆರಡು ಜನ ತಂದುಕೊಡುತ್ತಿದ್ದ ಮಾತ್ರೆಯ ಖಾಲಿ ಸ್ಟ್ರಿಪ್ಪುಗಳನ್ನು ವಾರವಾರವೂ ಎಣಿಸಿ ಅದೇ ಪುಸ್ತಕದಲ್ಲಿ ಬರೆದಿಡುತ್ತಿದ್ದದ್ದು ನಾನೇ. ಬಾಯಿಗೆ ಬೀಗ ಹಾಕಿಕೊಂಡಿದ್ದ ಆ ಎರಡು ದಿನ, ಪುಸ್ತಕ ತಿರುವಿ ಒಂದು ಲೆಕ್ಕ ಹಾಕಿದೆ. ಎಂಟು ವಾರದಲ್ಲಿ ಒಂದು ಮಾತ್ರೆಯನ್ನೂ ತಪ್ಪಿಸದೆ, ಆದರೂ ಗುಣ ಕಾಣದವರು ಎಷ್ಟು ಜನ ಎಂದು. ಅರವತ್ತೊಂದು ಜನ. ಒಬ್ಬೊಬ್ಬರ ಮುಖವೂ ನನಗೆ ನೆನಪಿದೆ. ಅವರಲ್ಲಿ ಒಬ್ಬರಿಗೂ ನಾನು ನಿನಗಂದ ಮಾತನ್ನು ಅಂದಿರಲಿಲ್ಲ.

ಹಾಳೆ ಬರಲಿಲ್ಲ. ಹಾಳೆಯಿಲ್ಲದೆಯೇ ಹೇಳುತ್ತೇನೆ. ನೀನು ಪ್ರತಿಯೊಂದು ಮಾತ್ರೆಯನ್ನೂ ನುಂಗಿದ್ದೆ. ಗುಣವಾಗಬೇಕೆಂದು ನಿನ್ನಷ್ಟು ಯಾರೂ ಬಯಸಿರಲಿಲ್ಲ. ತಪ್ಪು ನನ್ನದು.

ಈ ಕೊನೆಯ ಹಾಳೆಯನ್ನು ಗುಬ್ಬಿಗೂ ಓದಲು ಕೊಡು. ಅವತ್ತು ನಾನು ಅಂದದ್ದನ್ನು ಅವಳೂ ಕೇಳಿಸಿಕೊಂಡಿದ್ದಳು.